ಮೊದಲ ದಿನದ ಪಾಠ

ಪರದೇಶದ ಅಂತರರಾಷ್ಟ್ರೀಯ ಶಾಲೆಗೆ ಮೊದಲ ದಿನ ಹೋಗುವ ಉಪಾಧ್ಯಾಯನ ಮುಂದೆ ಹಲವು ಭಾಷೆಗಳ ಮಕ್ಕಳು ಕುಳಿತಿರುತ್ತಾರೆ. ಇಂತಹ ಸನ್ನಿವೇಶವನ್ನು ಕಾಣಲು ಕಡಲು ದಾಟಬೇಕಾಗಿಲ್ಲ. ವಯನಾಡಿನ ಚೇಕಾಡಿಯ ಸೀಮೆಯೇ ಸಾಕು.

ಪುಲ್ಪಳ್ಳಿಯ ಸಮೀಪ, ಕಾಡಿನ ನಡುವೆ, ಕಬಿನಿಯ ತೀರದಲ್ಲಿ ಈ ಊರಿದೆ. ಅದೇ ಹೊಳೆ ಮುಂದೆ ಹರಿದು ಕನ್ನಡನಾಡಿನ ಬೈರಕುಪ್ಪೆಯನ್ನು ಮುಟ್ಟುತ್ತದೆ. ಈ ಸೀಮೆಯಲ್ಲಿ ಶಾಲೆಯ ಭಾಷೆ ಮಲಯಾಳ. ಆದರೆ ಅಡಿಯ, ಪಣಿಯ, ಕಾಟ್ಟುನಾಯಕ ಮನೆಗಳ ನುಡಿ ಬೇರೆ ಬೇರೆ. ಕಾಟ್ಟುನಾಯಕರ ನುಡಿಯಂತೂ ಕನ್ನಡಕ್ಕೆ ಹತ್ತಿರವಾದುದು.

ಒಂದು ಶಬ್ದವನ್ನು ನೋಡಿರಿ. ‘ಅರಿ’ ಎಂದರೆ ಕನ್ನಡದಲ್ಲಿ ‘ತಿಳಿ’, ಮಲಯಾಳದಲ್ಲಿ ‘ಅಕ್ಕಿ’. ನುಡಿ ತಿಳಿಯದೆ ಸುಮ್ಮನೆ ಕುಳಿತ ಮಗುವನ್ನು ದಡ್ಡ ಮಗುವೆಂದು ಎಣಿಸಿದರೆ, ಅದು ಶಾಲೆಯನ್ನೇ ಬಿಟ್ಟೀತು. ಈ ತೊಡಕನ್ನು ನೀಗಲು ಕೇರಳ ಸರಕಾರವು 2017ರಲ್ಲಿ ವಯನಾಡಿನಲ್ಲಿ ‘ಗೋತ್ರಬಂಧು’ ಯೋಜನೆಯನ್ನು ಆರಂಭಿಸಿ, ಶಿಕ್ಷಕ ತರಬೇತಿ ಪಡೆದ ಆದಿವಾಸಿ ಯುವಜನರನ್ನು ಪ್ರಾಥಮಿಕ ಶಾಲೆಗಳಿಗೆ ನೇಮಿಸಿತು.

ಹೊಸ ಉಪಾಧ್ಯಾಯನು ಮೊದಲ ದಿನ ತಾನೇ ವಿದ್ಯಾರ್ಥಿಯಾಗಬೇಕು. ಮಕ್ಕಳ ಹೆಸರುಗಳನ್ನು ಅವರು ಉಚ್ಚರಿಸುವಂತೆಯೇ ಉಚ್ಚರಿಸಲು ಕಲಿಯಬೇಕು; ನೀರು, ಅನ್ನ, ಹಸಿವು, ಭಯ ಇವುಗಳಿಗೆ ಅವರ ಮನೆಯ ಮಾತೇನೆಂದು ಕೇಳಿ ಬರೆದುಕೊಳ್ಳಬೇಕು.

ವಿದ್ಯಾರ್ಥಿಗಳೇ, ನಿಮ್ಮ ತರಗತಿಗೆ ಅನ್ಯಭಾಷೆಯ ಮಗು ಬಂದಾಗ ನೀವೂ ಹೀಗೆಯೇ ಮಾಡಿರಿ. ತಾಯಿತಂದೆಗಳೂ ಮನೆಯ ನುಡಿಯನ್ನು ಮಕ್ಕಳಿಗೆ ಮರೆಯಗೊಡದಿರಲಿ.