ಪ್ರತಿಧ್ವನಿಯ ಆಜ್ಞೆ: ‘ಎಕೋ’

ಬೆಟ್ಟದ ಕಣಿವೆಯಲ್ಲಿ ನಿಂತು ಕೂಗಿದವನಿಗೆ ತನ್ನ ನುಡಿಯೇ ಮರಳಿ ಕೇಳಿಸುವುದು ಪ್ರತಿಧ್ವನಿಯೆನಿಸುವುದಷ್ಟೆ. ಗಣಕಯಂತ್ರದಲ್ಲಿಯೂ ಇಂತಹುದೇ ಆಜ್ಞೆಯೊಂದುಂಟು. 1970ರ ದಶಕದ ಆದಿಭಾಗದಿಂದಲೂ ಯುನಿಕ್ಸ್ ವ್ಯವಸ್ಥೆಯಲ್ಲಿ ಬಳಕೆಯಲ್ಲಿರುವ ಅದರ ಹೆಸರು ‘ಎಕೋ’. ಕೊಟ್ಟ ಮಾತನ್ನು ತೆರೆಯ ಮೇಲೆ ಮರಳಿ ತೋರಿಸುವುದೇ ಅದರ ಕಾರ್ಯ.

ಬಳಕೆದಾರನಿಗೂ ಯಂತ್ರಕ್ಕೂ ನಡುವೆ ನಿಂತು ಆಜ್ಞೆಗಳನ್ನು ಅರ್ಥೈಸುವ ತಂತ್ರಾಂಶಕ್ಕೆ ‘ಶೆಲ್’ ಎಂದು ಹೆಸರು. 1989ರಲ್ಲಿ ಹೊರಬಂದ ‘ಬ್ಯಾಷ್’ ಇವುಗಳಲ್ಲಿ ಪ್ರಸಿದ್ಧವಾದುದು. ಎಕೋ ಅದರೊಳಗೇ ಅಡಕವಾಗಿರುವುದರಿಂದ ಬೇರೊಂದು ಕಾರ್ಯಕ್ರಮವನ್ನು ಕರೆಯಬೇಕಾದ ಶ್ರಮವಿಲ್ಲ.

ಇಲ್ಲಿ ವಿದ್ಯಾರ್ಥಿಯು ಮರೆಯಬಾರದ ಅಂಶವೊಂದಿದೆ. ಮಾತು ಎಕೋವನ್ನು ತಲುಪುವ ಮುನ್ನವೇ ಶೆಲ್ ಅದನ್ನು ಓದುತ್ತದೆ. ಪದಗಳ ನಡುವೆ ಐದು ತೆರಪುಗಳಿದ್ದರೂ ಒಂದೇ ಉಳಿಯುತ್ತದೆ. ನಕ್ಷತ್ರಚಿಹ್ನೆಯೊಂದನ್ನೇ ಬರೆದರೆ ಅದರ ಬದಲು ಕಡತಗಳ ಹೆಸರುಗಳು ಮೂಡುತ್ತವೆ. ಮಾತನ್ನು ಒಂಟಿ ಉದ್ಧರಣಚಿಹ್ನೆಗಳೊಳಗೆ ಇಟ್ಟರೆ ಅದು ಯಥಾವತ್ತಾಗಿ ಉಳಿಯುವುದು.

ಇದಕ್ಕಿಂತಲೂ ದೊಡ್ಡ ಅಪಾಯ ಬೇರೊಂದಿದೆ. ‘>’ ಚಿಹ್ನೆಯಿಂದ ಎಕೋವಿನ ಮಾತನ್ನು ಕಡತಕ್ಕೆ ಕಳುಹಿಸಿದರೆ, ಅಲ್ಲಿ ಹಿಂದೆ ಇದ್ದುದೆಲ್ಲವೂ ಅಳಿಸಿಹೋಗುತ್ತದೆ. ‘>>’ ಎಂದು ಎರಡು ಬಾರಿ ಬರೆದರೆ ಮಾತ್ರ ಹಳೆಯದರ ಕೊನೆಗೆ ಹೊಸತು ಸೇರುತ್ತದೆ. ವರ್ಷವಿಡೀ ಬರೆದಿಟ್ಟ ಅಂಕಪಟ್ಟಿಯು ಒಂದು ಚಿಹ್ನೆಯ ಕೊರತೆಯಿಂದ ಕ್ಷಣಮಾತ್ರದಲ್ಲಿ ನಾಶವಾಗಬಹುದು.

ಕನ್ನಡ ಪದಗಳಿಗೂ ಈ ಆಜ್ಞೆ ಸಲ್ಲುತ್ತದೆ. ಕಡಬ ತಾಲ್ಲೂಕಿನ ಕಾಣಿಯೂರಿನ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಉಡುಪಿಯ ಅಷ್ಟಮಠಗಳಲ್ಲೊಂದು ಇದೇ ಹೆಸರಿನದು. ‘ಕಾಣಿಯೂರು’ ಎಂಬಲ್ಲಿ ಅಕ್ಷರಗಳು 4. ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು ಎಂದು ಸಂಕೇತಗಳು 8. ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟುಗಳಂತೆ ಒಟ್ಟು 24. ಎಕೋ ಕೊನೆಯಲ್ಲಿ ಹೊಸ ಸಾಲಿನ ಗುರುತೊಂದನ್ನು ತಾನಾಗಿ ಸೇರಿಸುವುದರಿಂದ 25. ಬ್ಯಾಷಿನಲ್ಲಿ ‘-ಎನ್’ ಎಂಬ ಸೂಚನೆಯನ್ನಿತ್ತರೆ ಆ ಗುರುತು ಬೀಳದು. ವ್ಯಾಕರಣದ ಅಕ್ಷರವೇ ಬೇರೆ, ಯಂತ್ರದ ಎಣಿಕೆಯೇ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಈ ಭೇದವನ್ನರಿಯದೆ ಹೆಸರನ್ನು ನಿಯತ ಬೈಟುಗಳಿಗೆ ಕತ್ತರಿಸಿದರೆ ಅಕ್ಷರವೇ ಒಡೆದು ಓದಲಾಗದಂತಾಗುವುದು.

‘-ಎನ್’ ಸೂಚನೆಯನ್ನೂ ಹಿಂದೋರೆಗೆರೆಯನ್ನೂ ಎಲ್ಲ ಶೆಲ್‌ಗಳು ಒಂದೇ ಬಗೆಯಾಗಿ ಗ್ರಹಿಸುವುದಿಲ್ಲ. ಆದುದರಿಂದ ಹಲವು ಯಂತ್ರಗಳಲ್ಲಿ ನಡೆಯಬೇಕಾದ ಬರಹಕ್ಕೆ ‘ಪ್ರಿಂಟ್‌ಎಫ್’ ಎಂಬ ಆಜ್ಞೆಯೇ ಮೇಲೆಂದು ಪಾಸಿಕ್ಸ್ ಮಾನದಂಡವು ಸೂಚಿಸುತ್ತದೆ.

ಗಣಕಪಾಠವನ್ನು ಈ ಕಿರಿಯ ಆಜ್ಞೆಯಿಂದ ಆರಂಭಿಸುವ ಅಧ್ಯಾಪಕರು ಅದರೊಡನೆ ಉದ್ಧರಣಚಿಹ್ನೆಯ ಶಿಸ್ತನ್ನೂ ಕಲಿಸುವುದು ಉಚಿತ. ಆಡುವ ಮುನ್ನ ಯೋಚಿಸಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುವಂತಹುದು.