ಸಗಣಿ ಅನಿಲ ಮತ್ತು ಅದರ ಅಳತೆ

ತೊಂಡೇಬಾವಿಯು ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಸಾಗುವ ರೈಲುಮಾರ್ಗವು ಈ ಊರನ್ನು ಹಾದುಹೋಗುತ್ತದೆ. ಈ ಸೀಮೆಯ ನೆಲವನ್ನು ಎಷ್ಟೇ ಆಳಕ್ಕೆ ಕೊರೆದರೂ ಖನಿಜ ತೈಲ ದೊರೆಯಲಾರದು. ತೈಲವೂ ನೈಸರ್ಗಿಕ ಅನಿಲವೂ ಸಾಮಾನ್ಯವಾಗಿ ಪ್ರಾಚೀನ ಸಮುದ್ರಗಳ ತಳದಲ್ಲಿ ಪದರಪದರವಾಗಿ ಕೂಡಿದ ಶಿಲೆಗಳಲ್ಲಿ ಸಂಗ್ರಹವಾಗಿರುತ್ತವೆ. ಇಲ್ಲಿರುವುದಾದರೋ ಅವಕ್ಕಿಂತ ಬಹು ಹಳೆಯದಾದ ಕಗ್ಗಲ್ಲು. ಆದರೆ ಮುಂಬಯಿಯ ಆಚೆ ಕಡಲ ತಳದಿಂದ ಮೇಲೆತ್ತುವ ನೈಸರ್ಗಿಕ ಅನಿಲದ ಮುಖ್ಯಾಂಶವಾದ ಮೀಥೇನ್, ಇಲ್ಲಿಯ ದನದ ಕೊಟ್ಟಿಗೆಯಿಂದಲೂ ಹುಟ್ಟಬಲ್ಲದು.

ಸಗಣಿಗೆ ಸಮಪ್ರಮಾಣದ ನೀರನ್ನು ಬೆರೆಸಿ, ಗಾಳಿ ಸೋಕದಂತೆ ಗುಂಡಿಯಲ್ಲಿ ಮುಚ್ಚಿಟ್ಟರೆ, ಅದರಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಅನಿಲವನ್ನು ಬಿಡುಗಡೆ ಮಾಡುತ್ತವೆ. ಈ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೀಥೇನ್. ಉಳಿದುದರಲ್ಲಿ ಬಹುಪಾಲು ಉರಿಯದ ಇಂಗಾಲದ ಡೈಆಕ್ಸೈಡ್. ಅಲ್ಪ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಲೋಹವನ್ನು ತಿನ್ನುವುದರಿಂದ, ಎಂಜಿನ್ನಿಗೆ ಹಾಯಿಸುವಾಗ ಅನಿಲವನ್ನು ಕಬ್ಬಿಣದ ತುಕ್ಕಿನ ಮೂಲಕ ಸಾಗಿಸಿ ಶುದ್ಧಿಗೊಳಿಸುವುದುಂಟು. ಅನಿಲದೊಡನೆ ಬರುವ ನೀರಾವಿಯು ತಣಿದು ಕೊಳವೆಯನ್ನು ಕಟ್ಟಬಹುದು. ಅದಕ್ಕಾಗಿ ಕೊಳವೆಯ ಅತಿ ತಗ್ಗಿನ ಜಾಗದಲ್ಲಿ ನೀರು ಬಸಿಯಲು ಒಂದು ನಲ್ಲಿಯನ್ನು ಇಡುತ್ತಾರೆ. ತೈಲ ಶುದ್ಧೀಕರಣಾಗಾರಗಳಲ್ಲಿ ದೊಡ್ಡ ಯಂತ್ರಗಳು ಮಾಡುವ ಕೆಲಸವೇ ಇಲ್ಲಿ ಕಿರಿದಾಗಿ ನಡೆಯುತ್ತದೆ.

1950ರ ದಶಕದಲ್ಲಿ ಜಶ್‌ಭಾಯಿ ಪಟೇಲರು ಗುಂಡಿಯ ಮೇಲೆ ಕಬ್ಬಿಣದ ಡ್ರಮ್ಮೊಂದನ್ನು ಬೋರಲು ಹಾಕುವ ವಿಧಾನವನ್ನು ರೂಪಿಸಿದರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಅದನ್ನು ದೇಶದಾದ್ಯಂತ ಹರಡಿತು. ಅನಿಲ ತುಂಬಿದಂತೆ ಡ್ರಮ್ಮು ಮೇಲೇಳುತ್ತದೆ, ಬಳಸಿದಂತೆ ಕೆಳಗಿಳಿಯುತ್ತದೆ. ಇದರಲ್ಲಿ ಒಂದು ಚಮತ್ಕಾರವಿದೆ: ಡ್ರಮ್ಮೇ ಅಳತೆಯ ಸಾಧನ. ಅದರ ವ್ಯಾಸ 1.6 ಮೀಟರ್ ಆದರೆ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 2 ಚದರ ಮೀಟರ್. ಅದು ಒಂದು ಮೀಟರಿನಷ್ಟು ಮೇಲೆದ್ದರೆ ಒಳಗೆ 2 ಘನಮೀಟರ್ ಅನಿಲ ಸೇರಿತೆಂದು ಅರ್ಥ. ಅನಿಲದ ಒತ್ತಡವನ್ನು ತಿಳಿಯಲು ನೀರು ತುಂಬಿದ ‘ಯು’ ಆಕಾರದ ಗಾಜಿನ ನಳಿಗೆ ಸಾಕು. ಎರಡು ಕವಲುಗಳಲ್ಲಿನ ನೀರಿನ ಮಟ್ಟಗಳ ಅಂತರವೇ ಒತ್ತಡದ ಅಳತೆ.

ಇಷ್ಟು ಸುಲಭವಾದ ಅಳತೆಯನ್ನು ದಿನವೂ ತಪ್ಪದೆ ಮಾಡಿ ಬರೆದಿಡುವವರು ಮಾತ್ರ ವಿರಳ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಆರಂಭವಾಯಿತು. ಅಲ್ಲಿಯ ವಿಜ್ಞಾನಿಗಳು ಬಳಕೆಯಲ್ಲಿದ್ದ ಮಾದರಿಯನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ, ಅಳೆದರು. ಬಗ್ಗಡದ ಉಷ್ಣತೆ, ಹೊರಗಿನ ಉಷ್ಣತೆ, ಅನಿಲದ ಇಳುವರಿ ಇವೆಲ್ಲವನ್ನೂ ಗುರುತಿಸಿದರು. ಗುಂಡಿಯು ಅಷ್ಟು ಆಳವಾಗಿರಬೇಕಾದ ಅಗತ್ಯವಿಲ್ಲವೆಂಬುದು ಲೆಕ್ಕದಿಂದ ತಿಳಿದುಬಂದಿತು. ಆಳವನ್ನು ಕುಗ್ಗಿಸಿ ಅಗಲವನ್ನು ಹೆಚ್ಚಿಸಿದ ಹೊಸ ಮಾದರಿಯ ವೆಚ್ಚ ಸುಮಾರು ಶೇಕಡಾ 40ರಷ್ಟು ಇಳಿಯಿತು. ತಣ್ಣೀರಿನಲ್ಲಿ ಕಲಸಿದ ಸಗಣಿಯು ಗುಂಡಿಯನ್ನು ತಂಪಾಗಿಸಿ ಸೂಕ್ಷ್ಮಜೀವಿಗಳ ಕೆಲಸವನ್ನು ನಿಧಾನಗೊಳಿಸುತ್ತದೆ. ಆದುದರಿಂದ ಡ್ರಮ್ಮಿನ ನೆತ್ತಿಯ ಮೇಲೆಯೇ ನೀರನ್ನು ನಿಲ್ಲಿಸಿ, ಪಾರದರ್ಶಕ ಹೊದಿಕೆ ಹೊದಿಸಿ, ಬಿಸಿಲಿನಿಂದ ಕಾಯಿಸಿ, ಆ ಬಿಸಿನೀರಿನಲ್ಲಿ ಸಗಣಿಯನ್ನು ಕಲಸುವ ಉಪಾಯವನ್ನು 1979ರಲ್ಲಿ ಪ್ರಕಟಿಸಿದರು.

ಕಾಗದದ ಮೇಲಿನ ಲೆಕ್ಕ ಹಳ್ಳಿಯಲ್ಲಿ ನಿಲ್ಲಬೇಕಲ್ಲವೆ? ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಗ್ರಾಮದಲ್ಲಿ ಅದರ ಪರೀಕ್ಷೆಯಾಯಿತು. 1977ರಲ್ಲಿ ಅಲ್ಲಿದ್ದುದು 56 ಮನೆಗಳು, 357 ಜನ. ಇಡೀ ಊರಿಗೆ ಒಂದೇ ಅನಿಲ ಸ್ಥಾವರವನ್ನು ಕಟ್ಟಿ ಪ್ರತಿ ಮನೆಯ ಒಲೆಗೂ ಅನಿಲ ಹಾಯಿಸುವುದು ಮೊದಲ ಉದ್ದೇಶವಾಗಿತ್ತು. ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಬೇಯಿಸುವ, ಸೌದೆ ಹೊತ್ತು ತರುವ ಹೆಂಗಸರಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದು? ಆದರೆ ಅನಿಲ ಸಾಲಲಿಲ್ಲ. ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಒಬ್ಬರ ಅಡುಗೆಗೆ ದಿನಕ್ಕೆ ಸುಮಾರು 240 ಲೀಟರ್ ಅನಿಲ ಬೇಕೆಂದರೆ 357 ಜನಕ್ಕೆ 85 ಘನಮೀಟರಿಗೂ ಮಿಗಿಲು. ಒಂದು ಕಿಲೋಗ್ರಾಂ ಸಗಣಿಯಿಂದ ಸಿಗುವುದು ಸುಮಾರು 35 ಲೀಟರ್; ಎಂದರೆ ಪ್ರತಿದಿನವೂ ಸುಮಾರು ಎರಡೂವರೆ ಟನ್ ಸಗಣಿ ಬೇಕು. ಮೇಯಲು ಹೋದ ದನಗಳು ದಾರಿಯಲ್ಲಿ, ಬಯಲಿನಲ್ಲಿ ಹಾಕಿದುದು ಲೆಕ್ಕಕ್ಕೆ ಬಾರದು. ಅರ್ಧ ಬೇಯಿಸುವಷ್ಟರಲ್ಲಿ ಅನಿಲ ಮುಗಿಯುವ ಒಲೆಯನ್ನು ಯಾವ ಗೃಹಿಣಿ ನೆಚ್ಚುತ್ತಾಳೆ?

ಈ ಸೋಲನ್ನು ಮುಚ್ಚಿಡದೆ ವಿಜ್ಞಾನಿಗಳು ಊರಿನವರನ್ನು ಮತ್ತೆ ಕೇಳಿದರು. ಊರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ನೀರೆತ್ತಲು ಹಾಗೂ ದೀಪ ಬೆಳಗಲು ಬೇಕಾಗುವ ಅನಿಲವು ಅಡುಗೆಗೆ ಬೇಕಾಗುವುದಕ್ಕಿಂತ ಬಹಳ ಕಡಮೆ. 1987ರಲ್ಲಿ ಅನಿಲವನ್ನು ಒಲೆಗಳ ಬದಲು ಡೀಸೆಲ್ ಎಂಜಿನ್ನಿಗೆ ತಿರುಗಿಸಿದರು. ಸ್ವಲ್ಪ ಡೀಸೆಲ್ಲು, ಬಹುಪಾಲು ಸಗಣಿ ಅನಿಲ. ಎರಡೂ ಸೇರಿ 5 ಕಿಲೋವ್ಯಾಟ್ ಸಾಮರ್ಥ್ಯದ ಜನರೇಟರ್ ತಿರುಗಿತು. ಕೊಳವೆ ಬಾವಿಯ ನೀರು ಬೀದಿಯ ನಲ್ಲಿಗಳಿಗೆ ಬಂದಿತು, ಮನೆಗಳಲ್ಲಿ ಟ್ಯೂಬ್‌ಲೈಟ್ ಹೊತ್ತಿಕೊಂಡಿತು.

ಇಲ್ಲಿಯೂ ಎಲ್ಲವೂ ನಿಂತದ್ದು ತಕ್ಕಡಿಯ ಮೇಲೆ. ಬೆಳಗ್ಗೆ ಹೆಂಗಸರು, ಮಕ್ಕಳು ತಂದ ಸಗಣಿಯನ್ನು ತೂಗಿ ಅವರವರ ಹೆಸರಿನ ಮುಂದೆ ಬರೆಯುತ್ತಿದ್ದರು. ಒಂದು ಕಿಲೋಗ್ರಾಮಿಗೆ 2 ಪೈಸೆಯಂತೆ ಹಣವು ತಂದವರ ಕೈಗೇ ಸೇರುತ್ತಿತ್ತು. 20 ಕಿಲೋ ತಂದವಳಿಗೆ 40 ಪೈಸೆ. ಅನಿಲ ಬಿಟ್ಟು ಉಳಿದ ಬಗ್ಗಡವು ಗೊಬ್ಬರವಾಗಿ, ಕೊಟ್ಟ ಸಗಣಿಯ ಪ್ರಮಾಣಕ್ಕನುಸಾರವಾಗಿ, ಅವರವರ ಹೊಲಕ್ಕೇ ಮರಳುತ್ತಿತ್ತು. ಸ್ಥಾವರವನ್ನು ನಡೆಸಿದವರು ಅದೇ ಊರಿನ ತರುಣರು.

ಅಡುಗೆಯ ಅನಿಲವು ಬೇರೊಂದು ಮಾರ್ಗದಿಂದ ತೊಂಡೇಬಾವಿಯ ಸೀಮೆಗೆ ಸಮೀಪಿಸಿತು. ಬಾಗೇಪಲ್ಲಿಯ ಕೂಲಿ ಸಂಘವು ಮನೆಗೊಂದರಂತೆ, ತಲಾ 2 ಘನಮೀಟರಿನ 5,500 ಅನಿಲ ಘಟಕಗಳನ್ನು ಕಟ್ಟುವ ಯೋಜನೆಯನ್ನು ಕೈಗೊಂಡಿತು. 2005ರಲ್ಲಿ ಅದು ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಅಡಿಯಲ್ಲಿ ನೋಂದಾಯಿತವಾಯಿತು. ವಾತಾವರಣಕ್ಕೆ ಸೇರದೆ ಉಳಿದ ಇಂಗಾಲಕ್ಕೆ ದೂರದ ದೇಶಗಳಿಂದ ಹಣ ದೊರೆಯುವ ಏರ್ಪಾಡು ಅದು. ಬಾಗೇಪಲ್ಲಿಯವು ‘ದೀನಬಂಧು’ ಮಾದರಿಯವು. ಅವುಗಳಲ್ಲಿ ನೆಲದೊಳಗೆ ಇಟ್ಟಿಗೆಯ ಗುಮ್ಮಟವಿರುತ್ತದೆ, ಮೇಲೇಳುವ ಡ್ರಮ್ಮು ಇರುವುದಿಲ್ಲ. ಇಂಗಾಲದ ಲೆಕ್ಕವನ್ನು ಮಾಡಬೇಕಾದುದು, ಆ ಮನೆಗಳಲ್ಲಿ ಉರಿಯದೆ ಉಳಿದ ಸೌದೆ, ಸೀಮೆಎಣ್ಣೆಗಳ ಮೇಲೆ.