ಅದರ ಬೇಸಿಗೆ ನಿದ್ದೆ ಕೆಡಿಸಬೇಡ

ಮಗಳೇ, ಹೈದರಾಬಾದಿನ ನಿನ್ನ ಗಚ್ಚಿಬೌಲಿ ಮನೆಯ ಬಾಲ್ಕನಿಗೆ ಬಂದಿದೆಯಲ್ಲ ಕೋನೋಫೈಟಮ್, ಉಗುರಿನಷ್ಟಿರುವ ಆ ಗಿಡದ ಪಂಚಾಂಗವೇ ಬೇರೆ. ಅದರ ತವರು ದಕ್ಷಿಣ ಆಫ್ರಿಕಾದ ನಮಾಕ್ವಾಲ್ಯಾಂಡ್ ಕಡೆಯ ಕಲ್ಲುನೆಲ. ಅಲ್ಲಿ ಚಳಿಯೂ ಮಳೆಯೂ ಜೊತೆಗೇ ಬರುತ್ತವೆ, ಜೂನ್‌ನಿಂದ ಆಗಸ್ಟ್‌ವರೆಗೆ. ಇಲ್ಲಿಗೆ ಬಂದ ಮೇಲೆ ಅದು ನಮ್ಮ ಚಳಿಗೆ ಒಗ್ಗಿಕೊಳ್ಳುತ್ತದೆ. ಒಗ್ಗದಿರುವುದು ನಮ್ಮ ಮಳೆ ಮಾತ್ರ.

ಶಿವರಾತ್ರಿ ಕಳೆದು ಬಿಸಿಲೇರಿದಂತೆ ಗಿಡದ ಮೈ ಸುಕ್ಕಾಗಿ, ಹೊರಸಿಪ್ಪೆ ಒಣಗಿ ಕಾಗದದಂತಾಗುತ್ತದೆ. ಸತ್ತಿತೆಂದು ಗಾಬರಿಬಿದ್ದು ನೀರು ಸುರಿಯಬೇಡ. ಹೊಸ ಎಲೆಜೋಡಿ ಹಳೆಯದರ ನೀರನ್ನೆಲ್ಲ ಹೀರಿಕೊಂಡು ಆ ಒಣ ಪೊರೆಯೊಳಗೇ ಕೂತಿರುತ್ತದೆ. ಬಿಸಿಲಿಗೆ ಅದೇ ಮರೆ. ಸುಲಿದು ನೋಡಬೇಕೆಂಬ ಆಸೆಯನ್ನೂ ತಡೆದುಕೋ.

ರೋಹಿಣಿ ಕಾರ್ತೆಗೆ ಒರಳುಕಲ್ಲೇ ಬಿರಿಯುತ್ತದೆ ಅನ್ನುತ್ತಾರೆ ಇಲ್ಲಿನ ತೆಲುಗರು. ನನಗೆ ಮಾತ್ರ ಹಗಲಿನ 42 ಡಿಗ್ರಿಗಿಂತ ರಾತ್ರಿಯದೇ ಹೆಚ್ಚು ಭಯ. ಈ ಬಗೆಯ ಗಿಡಗಳು ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುವುದೇ ರಾತ್ರಿಯ ತಂಪಿನಲ್ಲಿ. ಮೇ ತಿಂಗಳ ರಾತ್ರಿ 27 ಡಿಗ್ರಿ ಇದ್ದರೆ ಆ ಕೆಲಸ ಸಾಗುವುದಿಲ್ಲ. ಬೆಳೆಯದೆ ಮಲಗಿದ ಗಿಡಕ್ಕೆ ನೀರೆರೆದರೆ ಬೇರು ಕೊಳೆಯುತ್ತದೆ. 900 ಮೀಟರ್ ಎತ್ತರದಲ್ಲಿ ರಾತ್ರಿ ತಂಪಾಗುವ ಬೆಂಗಳೂರಿನವರು ಹೇಳುವ ನೀರಿನ ಲೆಕ್ಕ 540 ಮೀಟರಿನ ಹೈದರಾಬಾದಿಗೆ ಹೊಂದದಿರುವುದು ಇದಕ್ಕೇ.

ಮೃಗಶಿರೆಯಿಂದ ಹಸ್ತದ ತನಕ ಮಳೆಹನಿ ತಾಗದ, ಗಾಳಿಯಾಡುವ ಕಡೆ ಕುಂಡ ಇಡು. ತಿಂಗಳಿಗೊಮ್ಮೆ ಸಂಜೆ ಮೇಲಿನ ಗರಸು ಒದ್ದೆಯಾಗುವಷ್ಟು ಚಿಮುಕಿಸಿದರೆ ಸಾಕು. ಚಿತ್ತೆ, ಸ್ವಾತಿ ಬಂದು ರಾತ್ರಿಗಳು ತಣ್ಣಗಾದ ಮೇಲೆ, ಕುಂಡದ ತಳದಿಂದ ಇಳಿಯುವಂತೆ ಒಮ್ಮೆ ನೀರು ಕೊಡು. ಪೊರೆ ಹರಿದುಕೊಂಡು ಹೊಸ ಮೈ ಹೊರಬರುತ್ತದೆ, ಅದರ ನಡುಸೀಳಿನಿಂದ ಹೂವೂ. ಕೆಲವು ಜಾತಿಗಳು ರಾತ್ರಿ ಅರಳಿ ಘಮಘಮಿಸುತ್ತವೆ. ನುಮಾಯಿಷ್ ವಸ್ತುಪ್ರದರ್ಶನ ನಡೆಯುವ ಜನವರಿಯೇ ಈ ಗಿಡಕ್ಕೆ ಸೊಗಸಿನ ಕಾಲ. ಬೆಳಗಿನ ಎಳೆಬಿಸಿಲು ಬೀಳಲಿ, ಮಣ್ಣು ಪೂರ್ತಿ ಒಣಗಿದ ಮೇಲೆ ನೀರು.

ನರ್ಸರಿಯವರು ಕೋಕೋಪೀಟ್‌ನಲ್ಲಿ ಕೊಟ್ಟಿದ್ದರೆ ಅಕ್ಟೋಬರಿನಲ್ಲಿ ಬದಲಿಸು. ಬೇರಿನಲ್ಲಿ ಬಿಳಿ ಹಿಟ್ಟು ತಿಗಣೆ ಇದೆಯೇ ಎಂದು ನೋಡು. ಈ ಊರಿನ ಗ್ರಾನೈಟ್ ಬಂಡೆ ಪುಡಿಯಾಗಿ ಆದ ಗರಸಿದೆಯಲ್ಲ, ಅದಕ್ಕಿಂತ ಒಳ್ಳೆಯದನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ಜರಡಿ ಹಿಡಿದು, ದೂಳು ಹೋಗುವಂತೆ ತೊಳೆದು, ಮುಕ್ಕಾಲು ಪಾಲು ಅದನ್ನೇ ಹಾಕು. ಉಳಿದದ್ದು ಚೆನ್ನಾಗಿ ಕಳಿತ ಎಲೆಗೊಬ್ಬರ.

ಕೊಳ್ಳುವಾಗ ಬೀಜದಿಂದ ಬೆಳೆಸಿದ್ದೇ ಎಂದು ಕೇಳಿ ತಗೋ. 2019ರಿಂದೀಚೆಗೆ ದಕ್ಷಿಣ ಆಫ್ರಿಕಾದಲ್ಲಿ ಇವನ್ನು ಬಂಡೆಸಂದಿಗಳಿಂದ ಕಿತ್ತು ಹೊರದೇಶಕ್ಕೆ ಕದ್ದು ಸಾಗಿಸುವುದು ವಿಪರೀತವಾಗಿ, ಹಲವು ಜಾತಿಗಳು ಅಳಿವಿನಂಚಿಗೆ ಬಂದಿವೆ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ನೀನೇ ಬಿತ್ತುವುದಾದರೆ ದೀಪಾವಳಿ ಆಸುಪಾಸು ಒಳ್ಳೆಯದು. ಬೀಜ ತೀರಾ ಸಣ್ಣದು, ಮೇಲೆ ಮಣ್ಣು ಮುಚ್ಚಬೇಡ, ತೇವ ಆರಗೊಡಬೇಡ. ಮೊದಲ ಬೇಸಿಗೆಯಲ್ಲಿ ಸಸಿಗಳಿಗೆ ನೀರನ್ನು ಪೂರ್ತಿ ನಿಲ್ಲಿಸಲೂ ಬೇಡ. ಅಷ್ಟು ಎಳೆಯ ಮೈಯಲ್ಲಿ ಕೂಡಿಟ್ಟ ನೀರು ಇನ್ನೂ ಇರುವುದಿಲ್ಲ.